ಸುಮ್ನೆ ನೋಡ್ತಾ ಇದೀವಿ

ನಮ್ಮಮ್ಮನದು ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಹನ್ನೊಂದು ಗಂಟೆ ಹೊಡೆಯುವ ತನಕ ಯಾವ ಅಂಗಡಿಯ ಮುಂದೆಯೂ ನಿಂತು ನೋಡಬಾರದು. "ಪಾಪ, ಅವರಿಗಿನ್ನೂ ಬೋಣಿ ಆಗಿರಲ್ಲ ಕಣೇ. ನಾವು ಹೋಗಿ ಅದೆಷ್ಟು ಇದೆಷ್ಟು ಅಂತ ಕೇಳಿ ಬರಿಗೈಲಿ ವಾಪಸ್ ಬಂದ್ರೆ ಅವರ ದಿನವೆಲ್ಲ ಹಾಗೇ ಹೋಗತ್ತೆ." ಬೋಣಿ ಮುಗಿದ ಮೇಲೆ ಎಷ್ಟು ಹೊತ್ತು ನಿಂತರೂ ಪಾಪವಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅಂಗಡಿ ನೋಡುವುದು ಸಂಜೆಯ ಕೆಲಸ.

ಅದು ಎಪ್ಪತ್ತರ ದಶಕದ ಮೈಸೂರು. ಅಪ್ಪ ಮಿಡ್ಲ್‌ಸ್ಕೂಲ್ ಮೇಷ್ಟ್ರು. ತಿಂಗಳಿಗೊಂದು ಸಲ, ಸಂಬಳದ ಮಾರನೆಯ ದಿನ, 'ಪೇಟೆಗೆ ಹೋಗೋದು'. ಉಳಿದ ಶನಿವಾರಗಳಲ್ಲಿ 'ಪೇಟೆ ನೋಡಿ ಬರೋದು'. ಎರಡರ ವ್ಯತ್ಯಾಸ ಅಮ್ಮನ ಕೈಯಲ್ಲಿ ಕಾಣುತ್ತಿತ್ತು. ಪೇಟೆಗೆ ಹೋಗುವಾಗ ಖಾಕಿ ಬಟ್ಟೆಯ ಕೈಚೀಲ ಇರುತ್ತಿತ್ತು, ಸೀರೆ ಯಾವುದಾದರೂ ನಡೆಯುತ್ತಿತ್ತು. ಪೇಟೆ ನೋಡಲು ಹೊರಟಾಗ ಚೀಲ ಮನೆಯಲ್ಲೇ ಮೊಳೆಗೆ ನೇತಾಡುತ್ತಿತ್ತು, ಅಮ್ಮನ ತಲೆಯಲ್ಲಿ ಒಂದು ಮೊಳ ಮಲ್ಲಿಗೆ, ಮೈಮೇಲೆ ಟ್ರಂಕಿನಿಂದ ತೆಗೆದ ಸೀರೆ. ಚೀಲವಿದ್ದರೆ ನಾವು ಗಿರಾಕಿಗಳು. ಇಲ್ಲದಿದ್ದರೆ, ಹೇಗೆ ಹೇಳಲಿ, ಅತಿಥಿಗಳು.

ಅಗ್ರಹಾರದಿಂದ ಹೊರಟು ಅರಮನೆಯ ಕೋಟೆ ಬದಿಯಲ್ಲಿ ನಡೆದು ಕೆ.ಆರ್. ಸರ್ಕಲ್ಲಿಗೆ ಬಂದರೆ ಸಯ್ಯಾಜಿರಾವ್ ರಸ್ತೆ. ಅಲ್ಲಿಂದ ನಮ್ಮ ನಡಿಗೆಯ ವೇಗ ಅರ್ಧಕ್ಕೆ ಇಳಿಯುತ್ತಿತ್ತು. ವಾಚಿನ ಅಂಗಡಿ, ಚಿನ್ನದಂಗಡಿ, ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಮಿಠಾಯಿ ಅಂಗಡಿ. ಒಂದೊಂದಕ್ಕೂ ಅಮ್ಮ ಇಟ್ಟ ವೇಳೆ ಬೇರೆ. ಚಪ್ಪಲಿಗೆ ಅರ್ಧ ನಿಮಿಷ. ಮಿಠಾಯಿಗೆ ಅದೂ ಇಲ್ಲ, ಯಾಕೆಂದರೆ ನಾನು ಮತ್ತು ತಮ್ಮ ಅಲ್ಲಿ ನಿಂತರೆ ಕೀಳುವುದು ಕಷ್ಟ. ಚಿನ್ನದಂಗಡಿಯ ಮುಂದೆ ಮಾತ್ರ ಕಾಲು ಗಂಟೆ. ಕೆಂಪು ಮಖಮಲ್ಲಿನ ಕುತ್ತಿಗೆಗಳ ಮೇಲೆ ಅಡ್ಡಿಕೆ, ಕಾಸಿನ ಸರ, ಮುತ್ತಿನ ಎರಡೆಳೆ. ಅಮ್ಮ ಬೆಲೆ ನೋಡುತ್ತಿರಲಿಲ್ಲ. "ಆ ಮೂರನೇದು ನೋಡು, ಪದಕ ದೊಡ್ಡದಾಯ್ತು. ನಾನಾಗಿದ್ರೆ ಅಷ್ಟು ದೊಡ್ಡದು ಮಾಡಿಸ್ತಿರಲಿಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಆಕೆಯ ಕೊರಳಲ್ಲಿ ಕರಿಮಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಆ ತೀರ್ಪಿನಲ್ಲಿ ಹೊಟ್ಟೆಯುರಿಯ ಎಳೆ ಇತ್ತೇ ಎಂದು ದೊಡ್ಡವಳಾದ ಮೇಲೆ ಎಷ್ಟೋ ಸಲ ನೆನೆದು ನೋಡಿದ್ದೇನೆ. ನನಗೆ ಸಿಕ್ಕಿಲ್ಲ. ಮಹಾರಾಣಿಯೇ ಅಕ್ಕಸಾಲಿಗನಿಗೆ ಹೇಳಿದ ಹಾಗಿರುತ್ತಿತ್ತು ಅದು.

ವಾಚಿನ ಅಂಗಡಿಯಲ್ಲಿ ಒಂದು ವಿಚಿತ್ರ. ಸಾಲಾಗಿ ಇಟ್ಟ ಗಡಿಯಾರಗಳಲ್ಲಿ ಹೆಚ್ಚಿನವು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿರುತ್ತಿದ್ದವು. ಜಗತ್ತಿನ ಎಲ್ಲ ಕಡೆಯೂ ವಾಚು ಮಾರುವವರು ಹಾಗೇ ಇಡುತ್ತಾರೆ ಎಂದು ಆಮೇಲೆ ತಿಳಿಯಿತು. ಮುಳ್ಳುಗಳು ಎರಡೂ ಕಡೆ ಸಮನಾಗಿ ಮೇಲೆದ್ದು, ನಡುವೆ ಕಂಪನಿಯ ಹೆಸರು ಮುಚ್ಚಿಹೋಗದೆ ಕಾಣುತ್ತದೆ, ಮುಖ ನಗುವ ಹಾಗೆ ತೋರುತ್ತದೆ. ಅಮ್ಮನ ವಿವರಣೆ ಬೇರೆ: "ಹತ್ತೂ ಹತ್ತು. ಇನ್ನೂ ಬೋಣಿ ಆಗಿಲ್ಲ ಅಂತ ಹೇಳ್ತಾ ಇದಾನೆ."

ಹೀಗೆ ನೋಡಿ ಬಂದದ್ದು ಸುಮ್ಮನೆ ಹೋಗುತ್ತಿತ್ತೆಂದೂ ಅಲ್ಲ. ಒಂದು ಸಂಜೆ ಗಾಜಿನೊಳಗಿನ ಬೊಂಬೆಯ ರವಿಕೆ ತೋಳನ್ನು ಅಮ್ಮ ಎಷ್ಟು ಹೊತ್ತು ನೋಡಿದಳೆಂದರೆ ಅಪ್ಪ ಮುಂದೆ ಹೋಗಿ ಹಿಂದೆ ಬಂದರು. ಮನೆಗೆ ಬಂದವಳೇ ಅಪ್ಪನ ಸೀಮೆಸುಣ್ಣ ತೆಗೆದುಕೊಂಡು ಅಡುಗೆಮನೆಯ ಕೆಂಪು ಗಾರೆ ನೆಲದ ಮೇಲೆ ಆ ತೋಳನ್ನು ಬರೆದಳು. ನೆರಿಗೆ ಎಷ್ಟು, ಎಲ್ಲಿ ಹಿಡಿದಿದೆ, ಪಟ್ಟಿ ಎಷ್ಟಗಲ ಎಲ್ಲ. ಮುಂದಿನ ಗೌರಿ ಹಬ್ಬಕ್ಕೆ ನಮ್ಮ ಬೀದಿಯ ನಾಲ್ಕು ಹೆಣ್ಣುಮಕ್ಕಳು ಅದೇ ತೋಳು ಹಾಕಿಕೊಂಡು ಓಡಾಡಿದರು.

ಇಂಗ್ಲಿಷಿನಲ್ಲಿ ಇದನ್ನು ವಿಂಡೋ ಶಾಪಿಂಗ್ ಅನ್ನುತ್ತಾರೆ, ಈಗ ನಾವೂ ಹಾಗೇ ಅನ್ನುತ್ತೇವೆ. ಫ್ರೆಂಚರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಮಾತು ಲೆಶ್ ವಿತ್ರಿನ್. ಅಂಗಡಿಯ ಗಾಜು ನೆಕ್ಕುವುದು ಎಂದು ಅದರ ಅರ್ಥ. ಅಮ್ಮನಿಗೆ ಹೇಳಿದ್ದರೆ "ಥೂ, ಎಂಜಲು" ಎಂದು ಮುಖ ತಿರುಗಿಸುತ್ತಿದ್ದಳು. ಆಕೆಯ ಬಾಯಲ್ಲಿ ಇದ್ದದ್ದು ಒಂದೇ ಪದ: ಸುಮ್ನೆ. ಅಂಗಡಿಯವನು ಬಾಗಿಲಿಗೆ ಬಂದು "ಏನ್ ತೋರಿಸ್ಲಿ ತಾಯಿ?" ಎಂದರೆ "ಸುಮ್ನೆ ನೋಡ್ತಾ ಇದೀವಪ್ಪ" ಎನ್ನುವಳು. ಕಾರಣವಿಲ್ಲದೆ ಎಂದೂ ಆಯಿತು, ಸದ್ದಿಲ್ಲದೆ ಎಂದೂ ಆಯಿತು, ಪುಕ್ಕಟೆ ಎಂದೂ ಆಯಿತು. ಈ ಹವ್ಯಾಸದ ಮೂರು ಲಕ್ಷಣಗಳೂ ಅದೊಂದೇ ಪದದಲ್ಲಿವೆ.

ಆದರೆ ಎಲ್ಲ ಅಂಗಡಿಯನ್ನೂ ಸುಮ್ಮನೆ ನೋಡಲು ಬರುತ್ತಿರಲಿಲ್ಲ. ಹಳೆಯ ಕಾಲದ ಜವಳಿ ಅಂಗಡಿ ನೆನೆಸಿಕೊಳ್ಳಿ. ಬೀದಿಗೆ ತೆರೆದ ಬಾಯಿ, ನೆಲದ ತುಂಬ ಬಿಳಿ ಹೊದಿಕೆಯ ಗಾದಿ, ಗೋಡೆಯ ಉದ್ದಕ್ಕೂ ಮಡಿಸಿಟ್ಟ ಸೀರೆ. ಹೊರಗಿನಿಂದ ಕಾಣುವುದು ಸೀರೆಯ ಮಡಿಕೆಗಳ ಅಂಚು ಮಾತ್ರ. ಸೆರಗು ನೋಡಬೇಕಾದರೆ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರಬೇಕು. ಕೂತರೆ ಮುಗಿಯಿತು. ಒಮ್ಮೆ ದೊಡ್ಡಮ್ಮನ ಜೊತೆ ಹೀಗೇ ಹೋಗಿದ್ದೆವು. ಅಂಗಡಿಯಾತ "ತಗೊಳ್ದೇ ಇದ್ರೂ ಪರವಾಗಿಲ್ಲ, ನೋಡಿ ತಾಯಿ" ಎಂದ. ವ್ಯಾಪಾರದಲ್ಲಿ ಇದಕ್ಕಿಂತ ಅಪಾಯದ ವಾಕ್ಯ ಇನ್ನೊಂದಿಲ್ಲ. ಹುಡುಗ ಒಂದೊಂದಾಗಿ ಸೀರೆ ಎಳೆದು, ಸೆರಗು ಬೀಸಿ, ಗಾದಿಯ ಮೇಲೆ ಹರವುತ್ತ ಹೋದ. ಹತ್ತಾಯಿತು, ಇಪ್ಪತ್ತಾಯಿತು. ನಡುವೆ ಕಾಫಿ ಬಂತು. ಅಮ್ಮನ ಹಣೆಯಲ್ಲಿ ಬೆವರು. ಕೊನೆಗೆ ಎದ್ದು ಬರುವಾಗ ನಮ್ಮ ಕೈಯಲ್ಲಿ ಎರಡು ಟವೆಲ್ಲು, ಒಂದು ಒಳಲಂಗದ ಬಟ್ಟೆ. ಯಾವುದೂ ಬೇಕಾಗಿರಲಿಲ್ಲ. "ದಾಕ್ಷಿಣ್ಯಕ್ಕೆ ಬಸಿರಾದ ಹಾಗಾಯ್ತು" ಎಂದು ದೊಡ್ಡಮ್ಮ ರಸ್ತೆಯಲ್ಲೇ ಗಟ್ಟಿಯಾಗಿ ಹೇಳಿ ನಕ್ಕಳು.

ದಾಕ್ಷಿಣ್ಯ. ನನ್ನ ಪ್ರಕಾರ ಈ ಇಡೀ ವಿಷಯದ ಕೀಲಿ ಆ ಪದದಲ್ಲಿದೆ. ಕೊಳ್ಳದೆ ನೋಡಲು ಅಡ್ಡ ಬರುವುದು ಬಡತನವಲ್ಲ, ದಾಕ್ಷಿಣ್ಯ. ಅಂಗಡಿಯವನ ಕಣ್ಣು ನಮ್ಮ ಮೇಲಿದೆ, ಅವನ ಹುಡುಗ ಮಡಿಕೆ ಬಿಚ್ಚಿದ್ದಾನೆ, ಈಗ ನಾವು ಅವನಿಗೆ ಏನೋ ಬಾಕಿ. ಗಾಜು ಮಾಡಿದ್ದು ಏನೆಂದರೆ, ವಸ್ತುವನ್ನು ನಮ್ಮ ಕಣ್ಣಿಗೆ ಕೊಟ್ಟು ಅಂಗಡಿಯವನನ್ನು ಆಚೆಗಿಟ್ಟಿತು. ಬೀದಿಯಲ್ಲಿ ನಿಂತವರು ಯಾರಿಗೂ ಬಾಕಿಯಿಲ್ಲ.

ಆ ಗಾಜಿಗೂ ಒಂದು ಚರಿತ್ರೆಯಿದೆ. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ಸುಂಕವಿತ್ತು, 1845ರಲ್ಲಿ ಅದನ್ನು ತೆಗೆದುಹಾಕಿದರು. ಗಾಜು ಅಗ್ಗವಾಯಿತು. ಆರೇ ವರ್ಷಕ್ಕೆ, 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಕಬ್ಬಿಣ ಮತ್ತು ಗಾಜಿನಲ್ಲೇ ಕ್ರಿಸ್ಟಲ್ ಪ್ಯಾಲೇಸ್ ಎತ್ತಿ ನಿಲ್ಲಿಸಿದ. ಸುಮಾರು ಮೂರು ಲಕ್ಷ ಗಾಜಿನ ಹಲಗೆ. ಅದರೊಳಗೆ ದೇಶದೇಶಗಳ ಸಾಮಾನು ಪ್ರದರ್ಶನಕ್ಕಿಟ್ಟರು, ನಮ್ಮ ಕೊಹಿನೂರ್ ಕೂಡ ಅಲ್ಲಿತ್ತು. ನನಗೆ ಬಹಳ ಇಷ್ಟವಾಗುವ ಸಂಗತಿ ಏನೆಂದರೆ, ಅಲ್ಲಿಟ್ಟ ವಸ್ತುವಿಗೆ ಬೆಲೆಯ ಚೀಟಿ ಹಚ್ಚುವಂತಿರಲಿಲ್ಲ. ಬಂದವರು ಬರಿದೇ ನೋಡಬೇಕು. ಸುಮಾರು 60 ಲಕ್ಷ ಜನ ಬಂದು ನೋಡಿದರು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದರದೇ ಸ್ಫೂರ್ತಿ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಇವತ್ತಿಗೂ ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅಲ್ಲಿ ಮಾಡುವುದೂ ಅದನ್ನೇ, ನೂಕುನುಗ್ಗಲಿನಲ್ಲಿ ಸುಮ್ಮನೆ ನೋಡುವುದು.

ಪ್ಯಾರಿಸ್ಸಿನಲ್ಲಿ ಮಳೆ ಕೆಸರು ತಾಗದಂತೆ ಗಾಜಿನ ಸೂರು ಹೊದಿಸಿದ ಅಂಗಡಿ ಓಣಿಗಳು ಇನ್ನೂ ಮೊದಲೇ, 1800ರ ಹೊತ್ತಿಗೇ ಶುರುವಾಗಿದ್ದವು. ಆದರೆ ದಾಕ್ಷಿಣ್ಯದ ಬುಡಕ್ಕೆ ಕೊಡಲಿ ಹಾಕಿದವನು ಅರಿಸ್ತೀದ್ ಬೂಸಿಕೋ. 1852ರಲ್ಲಿ ಬಾನ್ ಮಾರ್ಷೆ ಎಂಬ ಅಂಗಡಿಗೆ ಪಾಲುದಾರನಾಗಿ ಬಂದು ಆತ ಮಾಡಿದ ಏರ್ಪಾಡು ಇಷ್ಟೇ: ಪ್ರತಿ ವಸ್ತುವಿಗೂ ಒಂದೇ ಬೆಲೆ, ಅದೂ ಚೀಟಿಯ ಮೇಲೆ. ಚೌಕಾಸಿ ಇಲ್ಲ. ಯಾರು ಬೇಕಾದರೂ ಒಳಗೆ ಬರಬಹುದು, ಕೊಳ್ಳಲೇಬೇಕೆಂದಿಲ್ಲ. ಬೆಲೆ ಬರೆದಿಟ್ಟರೆ ಕೇಳುವ ಅಗತ್ಯವಿಲ್ಲ. ಕೇಳದಿದ್ದರೆ ಮಾತಿಲ್ಲ, ಮಾತಿಲ್ಲದಿದ್ದರೆ ಬಾಕಿಯಿಲ್ಲ. ಸುಮ್ಮನೆ ನೋಡುವವಳು ನಾಳೆ ಕೊಳ್ಳುತ್ತಾಳೆ ಎಂಬುದು ಅವನ ಲೆಕ್ಕ, ಧರ್ಮಕಾರ್ಯವೇನಲ್ಲ. ಲೆಕ್ಕ ತಪ್ಪಲಿಲ್ಲ. ಎಮಿಲ್ ಝೋಲಾ 1883ರಲ್ಲಿ ಅಂಥದೇ ಅಂಗಡಿಯೊಂದನ್ನು ನಡುವಿಟ್ಟು ಒಂದು ದಪ್ಪ ಕಾದಂಬರಿಯನ್ನೇ ಬರೆದ.

ಲಂಡನ್ನಿಗೆ ಈ ಧೈರ್ಯ ತಂದವನು ಅಮೆರಿಕದಿಂದ ಬಂದ ಹ್ಯಾರಿ ಗೋರ್ಡನ್ ಸೆಲ್ಫ್‌ರಿಜ್. ಮೊದಲು ಒಮ್ಮೆ ಲಂಡನ್ನಿಗೆ ಬಂದಿದ್ದಾಗ ಯಾವುದೋ ಅಂಗಡಿಯಲ್ಲಿ ಸುಮ್ಮನೆ ನೋಡುತ್ತಿದ್ದೇನೆ ಎಂದದ್ದಕ್ಕೆ ಅವನನ್ನು ಹೊರಗೆ ಕಳಿಸಿದ್ದರಂತೆ. ಹಾಗೆಂದು ಒಂದು ಕಥೆ ಇದೆ. ನಿಜವೋ ಕಟ್ಟಿದ್ದೋ, 1909ರ ಮಾರ್ಚಿನಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಅವನ ಭಾರಿ ಗಾಜಿನ ಅಂಗಡಿ ತೆರೆಯಿತು. ಅದೇ ಜುಲೈ 25ರಂದು ಲೂಯಿ ಬ್ಲೆರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ. ಸೆಲ್ಫ್‌ರಿಜ್ ಆ ವಿಮಾನವನ್ನೇ ತಂದು ಅಂಗಡಿಯೊಳಗೆ ಇಟ್ಟ. ನಾಲ್ಕು ದಿನ ಜನ ಸಾಲುಗಟ್ಟಿ ಬಂದು ನೋಡಿದರು. ವಿಮಾನ ಯಾರು ಕೊಳ್ಳುತ್ತಾರೆ?

2014ರಲ್ಲಿ ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋದಾಗ ಆ ಅಂಗಡಿಯ ಮುಂದೆ ನಾನೂ ನಿಂತಿದ್ದೇನೆ. ನವೆಂಬರ್ ತಿಂಗಳು, ನಾಲ್ಕು ಗಂಟೆಗೇ ಕತ್ತಲು. ಗಾಜಿನೊಳಗೆ ಕ್ರಿಸ್‌ಮಸ್ಸಿನ ಅಲಂಕಾರ. ಕಾಲಿಗೆ ಮಗಳು ಕೊಡಿಸಿದ ಬೂಟು, ಮೇಲೆ ಸೀರೆ, ಅದರ ಮೇಲೆ ಅಳಿಯನ ಕೋಟು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೂ ದೀಪ ಉರಿಯುತ್ತಲೇ ಇತ್ತು. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ದಡದಡ ಎಂದು ರೋಲಿಂಗ್ ಶಟರು ಬೀಳುತ್ತದೆ, ಗಾಜೂ ಇಲ್ಲ ಬೊಂಬೆಯೂ ಇಲ್ಲ. ಮುಚ್ಚಿದ ಅಂಗಡಿಯನ್ನೂ ನೋಡಬಹುದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫ್ಫಾನೀಸ್' ಸಿನಿಮಾ ಶುರುವಾಗುವುದೇ ಹಾಗೆ. ಬೆಳಗಿನ ಜಾವ, ನಿರ್ಜನ ನ್ಯೂಯಾರ್ಕ್ ರಸ್ತೆ, ಆಡ್ರಿ ಹೆಪ್‌ಬರ್ನ್ ತಿಂಡಿ ತಿನ್ನುತ್ತ ಚಿನ್ನದಂಗಡಿಯ ಗಾಜಿನ ಮುಂದೆ ನಿಂತಿರುತ್ತಾಳೆ. ಅಂಗಡಿ ಇನ್ನೂ ತೆರೆದಿಲ್ಲ. ಹಾಗಾಗಿ ಬೋಣಿ ಕೆಡಿಸಿದ ಪಾಪವೂ ಇಲ್ಲ.

ಗಾಜಿನ ಒಳಗೆ ಕೆಲಸ ಮಾಡುವವರ ಬಗ್ಗೆ ನಾವು ಯೋಚಿಸುವುದು ಕಡಿಮೆ. 'ವಿಝರ್ಡ್ ಆಫ್ ಆಝ್' ಕಥೆ ಬರೆದ ಎಲ್. ಫ್ರಾಂಕ್ ಬಾಮ್ ಗೊತ್ತಲ್ಲ, ಅವನ ಹೊಟ್ಟೆಪಾಡು ಅದೇ ಆಗಿತ್ತು. 1897ರಲ್ಲಿ ಷಿಕಾಗೋದಲ್ಲಿ ಅಂಗಡಿ ಕಿಟಕಿ ಸಿಂಗರಿಸುವವರಿಗಾಗಿಯೇ ಒಂದು ಪತ್ರಿಕೆ ಶುರುಮಾಡಿದ. 1900ರಲ್ಲಿ ಅವನ ಎರಡು ಪುಸ್ತಕ ಬಂದವು: ಒಂದು ಆ ಮಾಯಾನಗರಿಯ ಕಥೆ, ಇನ್ನೊಂದು ಜವಳಿ ಅಂಗಡಿಯ ಕಿಟಕಿ ಅಲಂಕರಿಸುವುದು ಹೇಗೆ ಎಂಬುದು. ಎರಡೂ ಒಂದೇ ತಲೆಯಿಂದ ಬಂದವು ಎಂದರೆ ನನಗೇನೂ ಆಶ್ಚರ್ಯವಿಲ್ಲ.

ಮೈಸೂರಿನಲ್ಲಿ ಒಂದು ಮಧ್ಯಾಹ್ನ, ಅಂಚೆ ಕಚೇರಿಯಿಂದ ನಾನು ನಿವೃತ್ತಳಾದ ಹೊಸತರಲ್ಲಿ, ದೇವರಾಜ ಅರಸು ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಹುಡುಗನೊಬ್ಬ ಬೊಂಬೆಗೆ ಸೀರೆ ಉಡಿಸುತ್ತಿದ್ದ. ಗಾಜಿನೊಳಗೆ ಬರಿಗಾಲಲ್ಲಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು. ನೆರಿಗೆ ಹಿಡಿಯುವುದರಲ್ಲಿ ನಮ್ಮ ಮನೆಯ ಯಾವ ಸೊಸೆಯೂ ಅವನ ಸಮಕ್ಕೆ ಬರಲಾರಳು. ಹೊರಗೆ ಬಂದಾಗ ಮಾತಾಡಿಸಿದೆ.

"ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ತೀಯಪ್ಪ?"

"ವಾರಕ್ಕೊಂದ್ಸಲ ಆಂಟಿ. ಬಿಸಿಲು ಬೀಳತ್ತಲ್ಲ, ಜಾಸ್ತಿ ದಿನ ಬಿಟ್ರೆ ರೇಷ್ಮೆ ಬಣ್ಣ ಹೋಗ್ಬಿಡತ್ತೆ. ಆಮೇಲೆ ಆ ಸೀರೆ ನಮಗೇ ಉಳಿಯತ್ತೆ."

"ಹಿಂದುಗಡೆಯಿಂದಾನೂ ಇಷ್ಟೇ ಚೆನ್ನಾಗಿರತ್ತಾ?"

ಅವನು ನಕ್ಕ. "ಹಿಂದೆ ಮಾತ್ರ ನೋಡ್ಬೇಡಿ. ಬರೀ ಕ್ಲಿಪ್ಪು."

ಅಷ್ಟರ ಮೇಲೆ ನಾನು ಯಾವ ಬೊಂಬೆಯನ್ನೂ ಮುಂದಿನಿಂದ ಮಾತ್ರ ನೋಡಿ ಸುಮ್ಮನಾಗಿಲ್ಲ. ಕತ್ತು ಉದ್ದ ಮಾಡಿ ಪಕ್ಕದಿಂದ ಇಣುಕುತ್ತೇನೆ. ರವಿಕೆ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಕಾಣುತ್ತವೆ. ಬೊಂಬೆಗೆ ಸರಿಹೊಂದಿದ ರವಿಕೆ ನಮಗೆ ಯಾಕೆ ಸರಿಹೊಂದುವುದಿಲ್ಲ ಎಂಬ ಹೆಣ್ಣುಮಕ್ಕಳ ಕೊರಗಿಗೆ ಉತ್ತರ ಅಲ್ಲಿದೆ.

ಗಾಜಿಲ್ಲದೆಯೂ ಈ ವಿದ್ಯೆ ನಡೆಯುತ್ತದೆ. ದೇವರಾಜ ಮಾರುಕಟ್ಟೆಯೊಳಗೆ ಹೋಗಿ ನೋಡಿ. ಕುಂಕುಮ, ಅರಿಶಿನ, ನೀಲಿ, ಹಸಿರು ಪುಡಿಗಳನ್ನು ತಟ್ಟೆಗಳಲ್ಲಿ ಗೋಪುರ ಮಾಡಿ ಇಟ್ಟಿರುತ್ತಾರೆ, ತುದಿ ಎಷ್ಟು ಚೂಪು ಎಂದರೆ ಉಸಿರು ತಾಗಿದರೆ ಕುಸಿದೀತು. ವೀಳ್ಯದೆಲೆ ವೃತ್ತವಾಗಿ ಜೋಡಿಸಿರುತ್ತಾರೆ, ರಸಬಾಳೆ ಗೊನೆ ಸಾಲಾಗಿ ನೇತಾಡುತ್ತದೆ. ಪ್ರವಾಸಿಗಳು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಆದರೆ ನಮ್ಮಂಥವರಿಗೆ ಅಲ್ಲಿ ಸುಮ್ಮನೆ ನೋಡಲು ಸಾಧ್ಯವಿಲ್ಲ. "ಬನ್ನಿ ಅಕ್ಕಾ, ಮೊಳ ತಗೊಳ್ಳಿ" ಎಂದು ಹೂವಿನವಳು ಕರೆದರೆ ನಡೆದು ಹೋಗುವ ಗುಂಡಿಗೆ ನನಗಿಲ್ಲ. ಹಂಪಿಯ ಬಜಾರಿನಲ್ಲಿ ಮುತ್ತುರತ್ನವನ್ನು ಬೀದಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು 1443ರಲ್ಲಿ ಬಂದ ಅಬ್ದುರ್ ರಝಾಕ್ ಬರೆದಿಟ್ಟಿದ್ದಾನೆ. ಆ ಬೀದಿಯಲ್ಲಿ ಬರಿದೇ ನೋಡಿಕೊಂಡು ಹೋದ ಹೆಂಗಸರೂ ಇದ್ದಿರಲೇಬೇಕು. ಅವರು ವರ್ತಕರಿಂದ ಹೇಗೆ ತಪ್ಪಿಸಿಕೊಳ್ಳುತ್ತಿದ್ದರೋ.

ನೋಡುವ ಹಬ್ಬವನ್ನೇ ಮಾಡಿದ ಊರು ನಮ್ಮದು. ದಸರಾ ಬಂತೆಂದರೆ ಮೊದಲು ಮನೆಮನೆಯ ಗೊಂಬೆ ನೋಡುವುದು, ಆಮೇಲೆ ವಸ್ತುಪ್ರದರ್ಶನ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಪ್ರದರ್ಶನ ಈಗ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ಟಿಕೆಟು ತೆಗೆದುಕೊಂಡು ಒಳಗೆ ಹೋದ ಮೇಲೆ ಮಳಿಗೆಯವರದು ಕೊಳ್ಳಿ ಎಂಬ ಹಟವಿಲ್ಲ, ಹಿಂದಿನ ಜನ ತಳ್ಳುತ್ತಿರುತ್ತಾರೆ, ನಿಂತು ದಾಕ್ಷಿಣ್ಯಕ್ಕೆ ಬೀಳಲು ಪುರಸೊತ್ತೇ ಸಿಗದು. ಎರಡು ಗಂಟೆ ತಿರುಗಿ ಕೊನೆಗೆ ಖರ್ಚಾಗುವುದು ಮುಖಕ್ಕಿಂತ ದೊಡ್ಡದಾದ ಡೆಲ್ಲಿ ಹಪ್ಪಳಕ್ಕೆ ಮಾತ್ರ. ಮೇಲೆ ಕಾರದಪುಡಿ ಉದುರಿಸಿಕೊಂಡು.

ಮಾಲುಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಅಲ್ಲಿ ತಂಪಿದೆ, ಶೌಚಾಲಯ ಚೊಕ್ಕವಾಗಿದೆ, ಮಂಡಿನೋವಿನವರಿಗೆ ಎಸ್ಕಲೇಟರ್ ಇದೆ. ಆದರೆ ಅಂಗಡಿಯೊಳಗೆ ಕಾಲಿಟ್ಟರೆ ಒಂದು ಹುಡುಗಿ ಮೂರಡಿ ಹಿಂದೆ ನೆರಳಿನ ಹಾಗೆ ಬರುತ್ತಾಳೆ. "ಏನಾದ್ರೂ ಹೆಲ್ಪ್ ಬೇಕಾ ಮೇಡಂ?" ದಿನವಿಡೀ ನಿಂತೇ ಇರುವ ಅವಳ ಕಾಲು ನೋಡಿದರೆ ಮತ್ತೆ ಹಳೆಯ ಕಾಯಿಲೆ ಮರುಕಳಿಸುತ್ತದೆ. ಒಂದು ಕರ್ಚೀಫನ್ನಾದರೂ ತೆಗೆದುಕೊಳ್ಳೋಣ ಎನಿಸುತ್ತದೆ. ಗಾದಿ ಹೋದರೂ ದಾಕ್ಷಿಣ್ಯ ಸಮವಸ್ತ್ರ ಹಾಕಿಕೊಂಡು ವಾಪಸ್ಸು ಬಂದಿದೆ.

ಮೊಬೈಲಿನದು ಇನ್ನೊಂದು ಬಗೆ. ಮೊಮ್ಮಗಳು ರಾತ್ರಿ ಮಲಗುವ ಮುಂಚೆ ಹೆಬ್ಬೆರಳಲ್ಲಿ ನೂರು ಚಪ್ಪಲಿ, ನೂರು ಕುರ್ತಾ ತಳ್ಳುತ್ತಾಳೆ. "ಇದೂ ವಿಂಡೋ ಶಾಪಿಂಗೇ ಅಜ್ಜಿ" ಎನ್ನುತ್ತಾಳೆ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಬೋಣಿಯ ಚಿಂತೆಯಿಲ್ಲ, ಕಾಫಿ ತರಿಸುವವರಿಲ್ಲ. ಹೋದ ವರ್ಷ ನಾನೂ ಅದರಲ್ಲೊಂದು ಇಡ್ಲಿ ಪಾತ್ರೆ ನೋಡಿದೆ, ಒಂದೇ ಸಲ. ಮಾರನೆಯ ದಿನ ಸುದ್ದಿ ಓದುತ್ತಿದ್ದರೆ ಪಕ್ಕದಲ್ಲಿ ಅದೇ ಇಡ್ಲಿ ಪಾತ್ರೆ. ಅಡುಗೆ ವಿಡಿಯೋ ಹಾಕಿದರೆ ನಡುವೆ ಅದೇ. ಹದಿನೈದು ದಿನ ಬೆನ್ನು ಬಿಡಲಿಲ್ಲ. ಸಯ್ಯಾಜಿರಾವ್ ರಸ್ತೆಯ ಅಂಗಡಿಯವನು ಸೀರೆಯ ಕಟ್ಟು ಹೆಗಲಿಗೇರಿಸಿ ಅಗ್ರಹಾರದ ತನಕ ನಮ್ಮ ಹಿಂದೆ ಬಂದು, ಬಚ್ಚಲುಮನೆ ಕಿಟಕಿಯಲ್ಲಿ ಸೆರಗು ಬೀಸಿದ್ದರೆ ಹೇಗಿರುತ್ತಿತ್ತೋ ಹಾಗೆ. ಗಾಜಿನ ಮುಂದೆ ನಿಂತಾಗ ನಾನು ಮಾತ್ರ ನೋಡುತ್ತಿದ್ದೆ. ಇಲ್ಲಿ ಅದೂ ನನ್ನನ್ನು ನೋಡಿ, ಗುರುತು ಹಾಕಿಕೊಂಡಿದೆ.

ಹಾಗಾಗಿ ಇಡ್ಲಿ ಪಾತ್ರೆ ನೋಡಲು ನಾನು ಚಿಕ್ಕ ಗಡಿಯಾರದ ಹತ್ತಿರದ ಪಾತ್ರೆ ಅಂಗಡಿಗೇ ಹೋಗುತ್ತೇನೆ, ಮೊಮ್ಮಗಳನ್ನೂ ಕರೆದುಕೊಂಡು. ಕೈಯಲ್ಲಿ ಚೀಲ ಇರುವುದಿಲ್ಲ. ಹೋದ ಶನಿವಾರ ಹೊರಗೆ ಜೋಡಿಸಿದ್ದ ಸಾಲಿನ ಮುಂದೆ ನಿಂತಿದ್ದೆವು. ಅಂಗಡಿಯವರು ಗಲ್ಲಾ ಬಿಟ್ಟು ಬಾಗಿಲಿಗೆ ಬಂದರು.

"ಏನಮ್ಮಾ, ಹೋದ ವಾರಾನೂ ಬಂದಿದ್ರಿ?"

"ಹೂಂ. ಆ ನಾಲ್ಕು ತಟ್ಟೆದು ಇನ್ನೂ ಇದೆಯಾ ಅಂತ."

"ಎಲ್ಲಿ ಹೋಗತ್ತಮ್ಮ, ಅಲ್ಲೇ ಇದೆ ನೋಡಿ."

"ಇವತ್ತು ಬೋಣಿ ಆಯ್ತಾ?"

"ಬೆಳಿಗ್ಗೆ ಹತ್ತಕ್ಕೇ ಆಯ್ತು."

ಹಾಗಾದರೆ ಸರಿ ಎಂದೆ. ಅವರು ಒಳಗೆ ಹೋಗಿ ಕೂತರು. ಮೊಮ್ಮಗಳು ಪಾತ್ರೆಯ ಮುಚ್ಚಳ ಎತ್ತಿ ತಟ್ಟೆಯ ಕುಳಿ ಎಣಿಸತೊಡಗಿದಳು.